ಮೀನಖಂಡದ ಮೇಲೆ ಕಟ್ಟಿದ ವಿಮಾನ

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಬಹರೈನಿನ ಗುದೈಬಿಯಾದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಲಂಡನ್ನಿನಿಂದ ಬರುವ ಸೂಜಿಮೂತಿಯ ಕಾಂಕಾರ್ಡ್ ವಿಮಾನ ತಲೆಯ ಮೇಲೆ ಹಾದುಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಪಕ್ಕದಲ್ಲಿದ್ದ ಎದುರು ಮನೆಯ ಬಾಯಮ್ಮ ಕತ್ತೆತ್ತಿ ನೋಡಿ, "ಇದೆಂತ ವಿಮಾನ ಮಾರಾಯ್ತಿ, ನೀರಿನ ಮೇಲೆ ಇಳೀಲಿಕ್ಕೆ ಬರ್ತದಾ ಇದಕ್ಕೆ?" ಎಂದಿದ್ದರು. ಅದೇ ವರ್ಷ ಸೌದಿಗೆ ಸೇತುವೆ ಕಟ್ಟುವ ಕೆಲಸ ಶುರುವಾಗಿತ್ತು ಎಂಬುದೂ ಅಷ್ಟೇ ಚೆನ್ನಾಗಿ ನೆನಪಿದೆ. ಇವೆರಡೂ ಒಂದೇ ವರ್ಷದ ಸಂಗತಿಗಳಾಗಲು ಸಾಧ್ಯವೇ ಇಲ್ಲ, ಸೇತುವೆಯ ಕೆಲಸ ಶುರುವಾಗುವ ಹೊತ್ತಿಗೆ ಕಾಂಕಾರ್ಡ್ ಬರುವುದು ನಿಂತೇ ಹೋಗಿತ್ತು ಎನ್ನುತ್ತಾರೆ ನಮ್ಮವರು. ಅವರು ಹಡಗಿನ ಸರಕಿನ ಆಫೀಸಿನಲ್ಲಿ ದುಡಿದವರು, ಏನು ಯಾವಾಗ ಬಂತು, ಯಾವಾಗ ಹೋಯಿತು ಎಂಬುದರಲ್ಲಿ ತಪ್ಪುವವರಲ್ಲ. ಅಂದಮೇಲೆ ನನ್ನ ಎರಡು ನೆನಪುಗಳಲ್ಲಿ ಒಂದು ಸುಳ್ಳು. ಯಾವುದೆಂದು ಮಾತ್ರ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಎರಡೂ ಒಂದೇ ಬಿಸಿಲಿನಲ್ಲಿ ಹೊಳೆಯುತ್ತವೆ.

ನಾನು ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದು ಎಂದು ಅಲ್ಲಿ ಕಲಿತೆ. ಮದುವೆಯಾಗಿ ಬಹರೈನಿಗೆ ಬಂದ ಮೇಲೆ ಸಿಕ್ಕ ಮೊದಲ ಗೆಳತಿ ಬಾಯಿ ತೆರೆದರೆ ಸುಳ್ಳು ಹೇಳುತ್ತಿದ್ದ ಈ ಬಾಯಮ್ಮ. ಹೋದ ತಿಂಗಳು ಮಂಗಳೂರಿನಲ್ಲಿ ತೀರಿಕೊಂಡರು ಎಂದು ಅವರ ತಂಗಿಯ ಮಗಳು ಫೋನು ಮಾಡಿದಳು. ನಿದ್ದೆಯಲ್ಲೇ ಹೋದರಂತೆ. ಹಿಂದಿನ ದಿನ ಪಕ್ಕದ ಮನೆಯವರಿಗೆ, ತಾನು ನಾಳೆ ದುಬೈಗೆ ಹೋಗುತ್ತಿದ್ದೇನೆ, ಬೆಕ್ಕಿಗೆ ಹಾಲು ಹಾಕಿ ಎಂದಿದ್ದರಂತೆ. ಅವರ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಹೆಸರು ಬರೆಯುವುದಿಲ್ಲ. ಅದು ಅವರದೇ ಅಪ್ಪಣೆ. ನಾನು ದಿನಚರಿ ಬರೆಯುವುದನ್ನು ನೋಡಿ ಒಮ್ಮೆ ಹೇಳಿದ್ದರು: "ನನ್ನ ಬಗ್ಗೆ ಬರೆದ್ರೆ ಹೆಸರು ಹಾಕ್ಬೇಡಿ ಎಂ.ಎ. ನಾನು ಬೇರೆ ಬೇರೆಯವರಿಗೆ ಬೇರೆ ಬೇರೆ ಹೇಳಿದ್ದೇನೆ. ಎಲ್ಲರೂ ಒಟ್ಟಿಗೆ ಕೂತು ಓದಿದ್ರೆ ನನ್ನ ಕತೆ ಖಲಾಸ್." ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಯಾವಾಗಲೂ ಎಂ.ಎ. ನಾನು ಅವರನ್ನು ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಬಾಯಮ್ಮ ಎನ್ನುತ್ತಿದ್ದೆ.

ನಮ್ಮ ಎದುರು ಮನೆ ಅವರದು. ಕೆಳಗೆ ಮಲಯಾಳಿಯೊಬ್ಬನ ಹೋಟೆಲು, ಮೆಟ್ಟಿಲಿನ ತುಂಬ ಪರೋಟದ ವಾಸನೆ. ಬಾಯಮ್ಮ ಒಬ್ಬರೇ ಇದ್ದರು. ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಸಿಸ್ಟರು. ಮುರಿದ ಕೈಕಾಲಿಗೆ ಸುಣ್ಣದ ಬ್ಯಾಂಡೇಜು ಸುತ್ತುವುದು, ಎಲುಬು ಕೂಡಿದ ಮೇಲೆ ಗರಗಸದಲ್ಲಿ ಕೊಯ್ದು ತೆಗೆಯುವುದು, ಅದೇ ಅವರ ಕೆಲಸ. ಗಿಡ್ಡ ದೇಹ, ದಪ್ಪ ಕನ್ನಡಕ, ಮೊಣಕೈವರೆಗೆ ಎಂದೂ ಪೂರ್ತಿ ಹೋಗದ ಸುಣ್ಣದ ಬಿಳಿ. ಎದುರಿಗೆ ಏನು ಸಿಕ್ಕರೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಅಭ್ಯಾಸ. ಕಲ್ಲಂಗಡಿ, ಗೋಡೆ, ಟಿ.ವಿ., ಒಮ್ಮೆ ನಮ್ಮನೆಗೆ ಬಂದ ಬ್ಯಾಂಕ್ ಅಧಿಕಾರಿಯ ಬೋಳುತಲೆ ಕೂಡ. "ಒಣಗಿದೆ," ಎಂದಿದ್ದರು.

ಪ್ಲಾಸ್ಟರ್ ಹಾಕಿಸಿಕೊಂಡ ಮಕ್ಕಳು ಒಳಗೆ ಕಡ್ಡಿ ತೂರಿಸಿ ಕೆರೆದುಕೊಳ್ಳಬಾರದಲ್ಲ, ಅದಕ್ಕೆ ಬಾಯಮ್ಮ ಮಾಡಿದ ಉಪಾಯವೆಂದರೆ, "ಒಳಗೆ ಸಕ್ಕರೆ ಹಾಕಿದ್ದೇನೆ ಮಗಾ, ತೂತು ಮಾಡಿದ್ರೆ ಇರುವೆ ಬರ್ತದೆ." ದೊಡ್ಡವರಿಗೂ ಸುಳ್ಳು ತಪ್ಪಿದ್ದಲ್ಲ. ಮಣಿಕಟ್ಟು ಮುರಿದುಕೊಂಡು ಬಂದ ಒಬ್ಬ ಕಂತ್ರಾಟುದಾರ ಎಲ್ಲರ ಮೇಲೆ ಕೂಗಾಡುತ್ತಿದ್ದನಂತೆ. ಪ್ಲಾಸ್ಟರ್ ಒಣಗುವಾಗ ಮಾತಾಡಿದರೆ ಕೈ ಸೊಟ್ಟ ಕೂತುಬಿಡುತ್ತದೆ ಎಂದು ಬಾಯಮ್ಮ ಕಿವಿಯಲ್ಲಿ ಹೇಳಿದರು. ಅವನು ಮಧ್ಯಾಹ್ನದ ತನಕ ಮೂಗನ ಹಾಗೆ ಕೂತ. ಮರುದಿನ ಅವನ ಹೆಂಡತಿ ಹಲ್ವ ಹಿಡಿದುಕೊಂಡು ಬಂದು, "ಇನ್ನೊಂದು ಕೈಗೂ ಹಾಕ್ತೀರಾ ಸಿಸ್ಟರ್?" ಎಂದಳಂತೆ. ಇದು ನಡೆದದ್ದೋ ಬಾಯಮ್ಮ ಕಟ್ಟಿದ್ದೋ ನನಗೆ ತಿಳಿಯದು. ಹಲ್ವವನ್ನಂತೂ ನಾನು ತಿಂದಿದ್ದೇನೆ.

ಅವರ ಮನೆಯ ಗೋಡೆಯಲ್ಲಿ ಏಸುವಿನ ಪಟ, ಅದರ ಪಕ್ಕದಲ್ಲಿ ಅಷ್ಟೇ ದೊಡ್ಡ ಕಟ್ಟು ಹಾಕಿದ ಒಂದು ವಿಮಾನದ ಪಟ. ಎರಡಕ್ಕೂ ಸೇರಿ ಒಂದೇ ಕೆಂಪು ದೀಪ. ಮೊದಲ ಸಲ ನೋಡಿದಾಗ ನಾನು ಕೇಳಿದೆ, "ಇದನ್ನು ಯಾಕೆ ಇಲ್ಲಿ ಹಾಕಿದ್ದೀರಿ ಬಾಯಮ್ಮ?"

"ಇಬ್ಬರೂ ನೀರಿನ ಮೇಲೆ ನಡೆದವರಲ್ವಾ," ಎಂದರು. "ಸ್ವಾಮಿಗೆ ಬೇಜಾರಿಲ್ಲ. ನಾನು ಕೇಳಿದ್ದೇನೆ."

ಮೊದಲ ಮಹಾಯುದ್ಧಕ್ಕೂ ಮುಂಚಿನ ಫ್ರೆಂಚ್ ವಿಮಾನ ಅದು, ಪಂದ್ಯಕ್ಕೆಂದೇ ಕಟ್ಟಿದ್ದು. ಚುಟ್ಟದಂತಹ ಉರುಟು ಒಡಲು, ಎರಡು ಪಕ್ಕಕ್ಕೆ ಒಂದೊಂದೇ ರೆಕ್ಕೆ, ಮೇಲೆ ಕುತ್ತಿಗೆಯ ತನಕ ಹೊರಗೆ ಕಾಣುವ ಚಾಲಕ. ಚಕ್ರಗಳಿಲ್ಲ. ಅವುಗಳ ಬದಲು ಹೊಟ್ಟೆಯ ಕೆಳಗೆ ದೋಣಿಯಂತಹ ಎರಡು ತೇಲುಗಳು, ಬಾಲದ ಕೆಳಗೆ ಒಂದು ಮರಿ. ನೀರಿನ ಮೇಲಿಂದ ಏಳುವುದು, ನೀರಿನ ಮೇಲೇ ಇಳಿಯುವುದು. ಆ ಪಟ ಎಲ್ಲಿಂದ ಬಂತು ಎಂಬುದಕ್ಕೆ ನಾನು ಕೇಳಿದ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಾಲು ಮುರಿದುಕೊಂಡ ಫ್ರೆಂಚ್ ಎಂಜಿನಿಯರೊಬ್ಬ ಊರಿಗೆ ಹೋಗುವಾಗ ಕೊಟ್ಟದ್ದು ಎಂದು ನನಗೆ ಹೇಳಿದ್ದರು. ಹಲ್ಲಿನ ಡಾಕ್ಟರ ಕೋಣೆಯ ಪತ್ರಿಕೆಯಿಂದ ಹರಿದು ತಂದದ್ದು ಎಂದು ನಮ್ಮವರಿಗೆ. ಹಡಗಿನಲ್ಲಿ ಅಡುಗೆಗಿದ್ದ ತನ್ನ ಅಜ್ಜ ಮೊನಾಕೊದಲ್ಲಿ ಈ ವಿಮಾನದ ಪಂದ್ಯವನ್ನು ಕಣ್ಣಾರೆ ಕಂಡು ತಂದದ್ದು ಎಂದು ನನ್ನ ಮೈದುನ ಸುಧಾಕರನಿಗೆ.

ಸುಧಾಕರನ ಬಗ್ಗೆ ಈಗ ಹೇಳಲೇಬೇಕು. ನಮ್ಮವರ ತಮ್ಮ, ನಮ್ಮ ಜೊತೆಯಲ್ಲೇ ಇದ್ದ. ಹಿದ್ ಕಡೆಯ ಹಡಗು ರಿಪೇರಿಯ ಒಂದು ಕಂಪೆನಿಯಲ್ಲಿ ಕೆಲಸ. ಹಡಗಿನ ಹೊಟ್ಟೆಯೊಳಗೆ ಇಳಿದು ವೆಲ್ಡಿಂಗಿನವರಿಗೆ ಬೆಳಕು ಹಿಡಿಯುವುದು, ತುಕ್ಕು ಕೆರೆಯುವುದು. ಬೇಸಿಗೆಯಲ್ಲಿ ಆ ಕಬ್ಬಿಣದ ಒಳಗೆ ಏನಾಗುತ್ತದೆಂದು ಅವನು ಹೇಳುತ್ತಿರಲಿಲ್ಲ, ಮನೆಗೆ ಬಂದವನೇ ಬಚ್ಚಲಿನ ನೆಲದ ಮೇಲೆ ಮಲಗಿಬಿಡುತ್ತಿದ್ದ. ಒಂದು ಶುಕ್ರವಾರ ವಾಲಿಬಾಲ್ ಆಡುತ್ತ ಬಿದ್ದು ಕಾಲು ಮುರಿದುಕೊಂಡ. ಪ್ಲಾಸ್ಟರ್ ಹಾಕಿದ್ದು ಬಾಯಮ್ಮನೇ. ಕೊಯ್ದು ತೆಗೆದದ್ದೂ ಅವರೇ.

ತೆಗೆದ ಮೇಲೆ ಸಮಸ್ಯೆ ಶುರುವಾಯಿತು. ಎಲುಬು ಸರಿಯಾಗಿ ಕೂಡಿದೆ, ನಡೆಯಬಹುದು ಎಂದರು ಡಾಕ್ಟರು. ಸುಧಾಕರ ನಡೆಯಲಿಲ್ಲ. ನೆಲಕ್ಕೆ ಪಾದ ಊರಿದ ಕೂಡಲೇ "ಅಮ್ಮಾ" ಎಂದು ಕೂತುಬಿಡುತ್ತಿದ್ದ. ಬಚ್ಚಲಿಗೆ ಹೋಗಬೇಕಾದರೂ ಕೋಲು, ಅಣ್ಣನ ಹೆಗಲು. ಉಳಿದ ಹೊತ್ತು ಸೋಫಾದ ಮೇಲೆ ಕ್ಯಾಸೆಟ್ ಹಾಕಿಕೊಂಡು ಮಲಗುವುದು. ಕಂಪೆನಿಯವರ ಮಾತು ಒಂದೇ: ತಿಂಗಳು ಮುಗಿಯುವುದರೊಳಗೆ ಕೋಲಿಲ್ಲದೆ ನಡೆದು ಬಂದರೆ ಕೆಲಸ, ಇಲ್ಲವಾದರೆ ಊರಿಗೆ ಟಿಕೇಟು. ನಮ್ಮವರಿಗೆ ರಾತ್ರಿ ನಿದ್ದೆಯಿಲ್ಲ. ತಮ್ಮನನ್ನು ಕರೆಸಿಕೊಳ್ಳಲು ಅವರು ಎಷ್ಟೋ ಜನರ ಬಾಗಿಲು ಕಾದಿದ್ದರು. ಹೆದರಿಸಿದರು, ಬೇಡಿಕೊಂಡರು, ಒಮ್ಮೆ ಕೋಲನ್ನು ಬಚ್ಚಿಟ್ಟರು. ಸುಧಾಕರ ಇಡೀ ದಿನ ಸೋಫಾದಿಂದ ಏಳದೆ ಅದಕ್ಕೂ ಉತ್ತರ ಕೊಟ್ಟ.

ನಾನು ಬಾಯಮ್ಮನ ಹತ್ತಿರ ಹೇಳಿಕೊಂಡೆ. ಅವರು ಮೈದಾ ಹಿಟ್ಟಿನ ಅಂಟು ಕಾಸುತ್ತಿದ್ದರು.

"ಎಲುಬಿಗೆ ಎಂತದ್ದೂ ಆಗ್ಲಿಲ್ಲ," ಎಂದರು. "ಹುಡುಗನಿಗೆ ಊರಿಗೆ ಹೋಗ್ಲಿಕ್ಕುಂಟು. ಹೇಳ್ಲಿಕ್ಕೆ ನಾಚಿಕೆ. ಕಾಲಿನ ಹತ್ರ ಹೇಳಿಸ್ತಾ ಇದ್ದಾನೆ."

"ಹಾಗಾದ್ರೆ ನೀವಾದ್ರೂ ಬುದ್ಧಿ ಹೇಳಿ, ಇಲ್ಲಿ ಇರು ಅಂತ."

"ನಾನ್ಯಾಕೆ ಹೇಳ್ಲಿ? ಹೋಗುದಾದ್ರೆ ಹೋಗ್ಲಿ. ಆದ್ರೆ ನಡ್ಕೊಂಡು ಹೋಗ್ಲಿ. ನಾನು ಸುತ್ತಿದ ಕಾಲು ಅದು, ಕುಂಟಿಕೊಂಡು ವಿಮಾನ ಹತ್ತಿದ್ರೆ ನನ್ನ ಮರ್ಯಾದೆ ಎಂತಾಗ್ಬೇಕು?"

ಆ ಅಂಟು ಯಾಕೆಂದು ನಾನು ಆಗ ಕೇಳಲಿಲ್ಲ. ಮರುದಿನ ಸಂಜೆ ಬಾಯಮ್ಮ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನಮ್ಮನೆಗೆ ಬಂದು, ಸುಧಾಕರನ ಎದುರಿನ ಟೀಪಾಯಿಯ ಮೇಲೆ ಅದನ್ನು ಸುರಿದರು. ಒಳಗಿದ್ದದ್ದು ಅವನದೇ ಪ್ಲಾಸ್ಟರ್. ಮೊಣಕಾಲಿನಿಂದ ಪಾದದವರೆಗಿನದು, ಗರಗಸದಲ್ಲಿ ಉದ್ದಕ್ಕೆ ಕೊಯ್ದ ಎರಡು ಹೋಳುಗಳು.

"ಇದೆಂತ ಬಾಯಮ್ಮ, ಕಸ ತಂದದ್ದು?" ಎಂದ ಸುಧಾಕರ.

"ಕಸ ಅಲ್ಲ ಮಾರಾಯ. ಅಚ್ಚು."

ಅವರ ವಿವರಣೆ ಹೀಗಿತ್ತು. ಆ ಫ್ರೆಂಚರ ವಿಮಾನಕ್ಕೆ ಒಳಗೆ ಅಸ್ಥಿಪಂಜರದ ಹಾಗೆ ಅಡ್ಡಪಟ್ಟಿ, ಉದ್ದಪಟ್ಟಿ ಇರಲಿಲ್ಲ. ಅಚ್ಚಿನ ಮೇಲೆ ತೆಳ್ಳಗಿನ ಮರದ ಪಟ್ಟಿಗಳನ್ನು ಅಂಟು ಹಾಕಿ ಸುತ್ತುವುದು, ಅದರ ಮೇಲೆ ಅಡ್ಡಕ್ಕೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು, ಒಣಗಿದ ಮೇಲೆ ಅಚ್ಚಿನಿಂದ ಬಿಡಿಸಿ ಎರಡು ಹೋಳುಗಳನ್ನು ಕೂಡಿಸುವುದು. ಮೊಟ್ಟೆಯ ಸಿಪ್ಪೆಯ ಹಾಗೆ, ಹೊರಗಿನ ಚರ್ಮವೇ ಅದರ ಬಲ. "ನಾನು ಇಷ್ಟು ವರ್ಷ ಮಾಡ್ತಾ ಇದ್ದದ್ದು ಅದನ್ನೇ," ಎಂದರು ಬಾಯಮ್ಮ. "ಅವರು ಅಂಥ ವಿಮಾನದಲ್ಲಿ ಕಪ್ಪು ಗೆದ್ರು. ನನಗೆ ಯಾರಾದ್ರೂ ಒಂದು ಕಪ್ಪು ಕೊಟ್ಟಿದ್ದಾರಾ? ಚಾ ಕಪ್ಪು ಕೂಡ ಇಲ್ಲ."

ಈ ಜ್ಞಾನದ ಮೇಲೆ ಅವರು ಮೊದಲು ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲೇ ಒಂದು ವಿಮಾನ ಮಾಡಿ ಆಗಿತ್ತು. ಹೆಸರಿನಲ್ಲೇ ಪ್ಯಾರಿಸ್ ಇದೆಯಲ್ಲ, ಫ್ರೆಂಚ್ ವಿಮಾನಕ್ಕೆ ಇದಕ್ಕಿಂತ ಸರಿಯಾದ ಸಾಮಾನು ಇಲ್ಲ ಎಂಬುದು ಅವರ ವಾದ. ನೋಡಲು ಬಹಳ ಚೆಂದವಿತ್ತು. ಬಚ್ಚಲಿನ ಟಬ್ಬಿನಲ್ಲಿ ಇಟ್ಟ ಕೂಡಲೇ ತಳಕ್ಕೆ ಹೋಗಿ ಕೂತಿತು, ಟಬ್ಬಿನ ಬಣ್ಣ ಎದ್ದಿತು. ಈಗ ಎರಡನೆಯ ಪ್ರಯತ್ನ, ಕಾಗದದ್ದು. ಊರಿಂದ ಬಂದವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಬಾಟಲಿಗೆ ಸುತ್ತಿ ಬರುತ್ತಿದ್ದ ಕನ್ನಡ ಪತ್ರಿಕೆಗಳನ್ನು ಪಟ್ಟಿ ಮಾಡಿ ಹರಿದು, ಮೈದಾ ಅಂಟಿನಲ್ಲಿ ಅದ್ದಿ, ಆ ಪ್ಲಾಸ್ಟರಿನ ಮೇಲೆ ಸುತ್ತಬೇಕು. ಪಾದದ ಭಾಗ ಕೊಯ್ದು ಬಿಸಾಡಿದರೆ ಉಳಿಯುವ ಮೀನಖಂಡ ಆ ಪಟದ ವಿಮಾನದ ಒಡಲಿನ ಹಾಗೇ ಇತ್ತು, ಮುಂದೆ ಉಬ್ಬಿ ಹಿಂದೆ ಸಪೂರವಾಗಿ.

"ನನ್ನ ಕಾಲಲ್ಲಿ ವಿಮಾನ ಮಾಡುದಾ?" ಸುಧಾಕರನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಅವನು ನಕ್ಕದ್ದು.

"ಮತ್ತೆಂತ? ನಿನಗೆ ಅದರಲ್ಲಿ ಬೇರೆ ಕೆಲಸ ಇಲ್ವಲ್ಲ."

ಆಮೇಲೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ರೆಕ್ಕೆಗಳ ಕಡ್ಡಿಗೆಂದು ನಾನು ಊರಿಂದ ತಂದಿದ್ದ ಹಿಡಿಸೂಡಿಗೆ ಕೈ ಹಾಕಿದರು. ತೆಂಗಿನ ಕಡ್ಡಿಯ ಪೊರಕೆ ಅಲ್ಲಿ ಎಲ್ಲಿ ಸಿಗಬೇಕು, ಅದು ದಿನದಿನಕ್ಕೆ ಸಪೂರವಾಗುತ್ತ ಕೊನೆಗೆ ಹಲ್ಲಿಯನ್ನು ಓಡಿಸಲೂ ಸಾಲದಾಯಿತು. ತೇಲುಗಳಿಗೆ ನಮ್ಮ ಹೊಸ ಟಿ.ವಿ.ಯ ಪೆಟ್ಟಿಗೆಯ ಥರ್ಮೋಕೋಲು. ಮುಂದಿನ ಫಂಕಕ್ಕೆ ತುಪ್ಪದ ಡಬ್ಬಿಯ ತಗಡು. ಅದನ್ನು ತಿರುಗಿಸಲು ಒಡಲಿನೊಳಗೆ ಉದ್ದಕ್ಕೆ ರಬ್ಬರ್ ಬ್ಯಾಂಡುಗಳ ಜಡೆ. ಸುಧಾಕರ ಕಾಲು ಚಾಚಿ ಕೂತು ಪಟ್ಟಿ ಅಂಟಿಸುವುದು, ಬಾಯಮ್ಮ ಡ್ಯೂಟಿ ಮುಗಿಸಿ ಬಂದು ಗೆಣ್ಣಿನಿಂದ ತಟ್ಟಿ ನೋಡಿ, "ಹಸಿ ಉಂಟು, ಇವತ್ತು ಮುಟ್ಬೇಡ," ಎನ್ನುವುದು. ರೋಗಿಗಳಿಗೆ ಹೇಳುವ ಮಾತನ್ನೇ ವಿಮಾನಕ್ಕೂ ಹೇಳುತ್ತಿದ್ದರು: "ಒಣಗುವ ತನಕ ಅಲ್ಲಾಡ್ಬೇಡ. ಒಣಗಿದ ಮೇಲೆ ಸುಮ್ಮನೆ ಕೂರ್ಬೇಡ."

ಆ ಹೊತ್ತಿನಲ್ಲಿ ಅವರು ಹೇಳಿದ ಪಂದ್ಯದ ಕತೆಯೊಂದಿದೆ. ಎಷ್ಟೋ ವರ್ಷಗಳ ನಂತರ, ಇದರಲ್ಲಿ ಸುಳ್ಳೆಷ್ಟು ಎಂದು ನೋಡೋಣವೆಂದು ಗ್ರಂಥಾಲಯದಲ್ಲಿ ಹುಡುಕಿದ್ದೇನೆ. ಮುಖ್ಯವಾದದ್ದೆಲ್ಲ ನಿಜವೇ ಎಂದು ಗೊತ್ತಾಗಿ ಸ್ವಲ್ಪ ನಿರಾಶೆಯೂ ಆಯಿತು. ಮೊನಾಕೊದ ಕಡಲಿನಲ್ಲಿ ನೀರಿನ ವಿಮಾನಗಳ ಪಂದ್ಯ. ಈ ಫ್ರೆಂಚ್ ವಿಮಾನ ಎಲ್ಲರಿಗಿಂತ ಮುಂದೆ. ಸುತ್ತು ಮುಗಿಯಿತು ಎನ್ನುವಾಗ ಚಾಲಕ ಕೊನೆಯ ಗೆರೆಗಿಂತ ಸ್ವಲ್ಪ ಮೊದಲೇ ನೀರಿಗೆ ಇಳಿಸಿ, ದೋಣಿಯ ಹಾಗೆ ಓಡಿಸಿಕೊಂಡು ಗೆರೆ ದಾಟಿದ. ತೀರ್ಪುಗಾರರು ಒಪ್ಪಲಿಲ್ಲ. ಗೆರೆಯನ್ನು ಹಾರಿಯೇ ದಾಟಬೇಕು, ನೀರಿನ ಮೇಲೆ ಉರುಳಿ ದಾಟಿದ್ದು ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಹೋಗು ಎಂದರು.

"ಅವ ಎಂತ ಮಾಡಿದ?" ಎಂದು ಸುಧಾಕರ ಕೇಳಿದ್ದ.

"ಎಂತ ಮಾಡುದು, ಮುಖ ಊದಿಸಿಕೊಂಡು ಕೂತ. ನಿನ್ನ ಹಾಗೆ. ಕಾಫಿ ಕುಡಿದ. ಮತ್ತೆ ನೋಡ್ತಾನೆ, ಉಳಿದವರ ವಿಮಾನಗಳೆಲ್ಲ ಕೆಟ್ಟು ಕೂತಿವೆ. ಮೆಲ್ಲ ಎದ್ದು ಹೋಗಿ ಇನ್ನೊಮ್ಮೆ ಹಾರಿ ಗೆರೆ ದಾಟಿದ. ಗೆದ್ದ."

"ಮೊದಲೇ ಯಾಕೆ ಇಳಿಸಿದ್ದು ಮತ್ತೆ, ಗೆರೆ ಕಾಣ್ಲಿಲ್ವಾ?"

ಬಾಯಮ್ಮ ಈ ಪ್ರಶ್ನೆಗೇ ಕಾದಿದ್ದರು. "ಆ ಎಂಜಿನ್ನಿಗೆ ಹಾಕುದು ಎಂತ ಎಣ್ಣೆ ಗೊತ್ತುಂಟಾ? ಹರಳೆಣ್ಣೆ. ಎಂಜಿನ್ನೇ ಗಿರಗಿರ ತಿರುಗುದು, ಎಣ್ಣೆ ಪೂರಾ ಹಿಂದೆ ಕೂತವನ ಮುಖಕ್ಕೆ, ಬಾಯಿಗೆ. ಅಷ್ಟು ಹೊತ್ತು ಹರಳೆಣ್ಣೆ ಕುಡಿದವ ಗೆರೆ ನೋಡ್ತಾನಾ, ಕಕ್ಕಸು ನೋಡ್ತಾನಾ?"

ಹರಳೆಣ್ಣೆಯೂ ನಿಜವಂತೆ. ಉಳಿದದ್ದಕ್ಕೆ ಆಧಾರ ಸಿಗಲಿಲ್ಲ.

ವಿಮಾನ ಸಿದ್ಧವಾದ ದಿನ ಬಾಯಮ್ಮ ಪಂದ್ಯ ಕಟ್ಟಿದರು. ತಿಂಗಳು ಮುಗಿಯಲು ಇನ್ನು ಕೆಲವೇ ದಿನಗಳಿದ್ದವು. "ಶುಕ್ರವಾರ ಕಡಲಿಗೆ ಹೋಗುವಾ. ಎರಡು ಗೂಟದ ಮಧ್ಯೆ ನಮ್ಮ ಗೆರೆ. ವಿಮಾನ ಹಾರಿ ದಾಟಿದ್ರೆ ನೀನು ಶನಿವಾರ ಕೋಲು ಬಿಟ್ಟು ನಡ್ಕೊಂಡು ಕೆಲಸಕ್ಕೆ ಹೋಗ್ಬೇಕು. ದಾಟದಿದ್ರೆ ನಾನೇ ನಿನ್ನ ಮೆನೇಜರ್ ಹತ್ರ ಹೋಗಿ, ಈ ಹುಡುಗನಿಂದ ನಡೀಲಿಕ್ಕಾಗುದಿಲ್ಲ, ಊರಿಗೆ ಕಳಿಸಿ ಅಂತ ಹೇಳ್ತೇನೆ. ಅವನ ಮಂಡಿಯ ಪ್ಲಾಸ್ಟರ್ ಒಣಗಿದ್ದೂ ನನ್ನ ಕೈಯಲ್ಲೇ, ನನ್ನ ಮಾತು ಕೇಳ್ತಾನೆ."

ನಮ್ಮವರು ಚಾ ಲೋಟ ಕೆಳಗಿಟ್ಟರು. "ಬಾಯಮ್ಮ, ಎಂತದು ಹೇಳ್ತಾ ಇದ್ದೀರಿ ನೀವು?"

"ನೀವು ಸುಮ್ಮನಿರಿ. ನಿಮ್ಮ ಕಾಲಲ್ಲ, ವಿಮಾನವೂ ನಿಮ್ಮದಲ್ಲ."

ಸುಧಾಕರ ವಿಮಾನದ ಫಂಕವನ್ನು ಬೆರಳಲ್ಲಿ ಒಮ್ಮೆ ತಿರುಗಿಸಿದ. ಆಮೇಲೆ, "ಆಯ್ತು," ಎಂದ. ಅದು ಬಿದ್ದೇ ಬೀಳುತ್ತದೆ ಎಂದು ಅವನಿಗೆ ಖಾತ್ರಿಯಿತ್ತೆಂದು ನನಗೆ ಅನಿಸಿತು. ತನ್ನ ಮನಸ್ಸಿನಲ್ಲಿದ್ದದ್ದನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸಲು ಅವನಿಗೆ ದಾರಿ ಸಿಕ್ಕಿತ್ತು. ಹೀಗೆ ಅನಿಸಿದ್ದು ಆಗಲೋ, ಇಷ್ಟು ವರ್ಷದ ಮೇಲೆ ಬರೆಯುವಾಗಲೋ, ಹೇಳಲಾರೆ.

ಆ ಶುಕ್ರವಾರದ ಬಗ್ಗೆ ನನ್ನ ದಿನಚರಿಯಲ್ಲಿ ಇರುವುದು ಇಷ್ಟು: "ಬುದೈಯಾ ಕಡೆ ಹೋದೆವು. ಬಿಸಿಲು. ಬಂಗುಡೆ ಚೆನ್ನಾಗಿತ್ತು." ನನ್ನ ಪ್ರಾಧ್ಯಾಪಕರು ನೋಡಿದ್ದರೆ ಡಿಗ್ರಿ ವಾಪಸು ಕೇಳುತ್ತಿದ್ದರು. ಆದ್ದರಿಂದ ಮುಂದಿನದೆಲ್ಲ ನೆನಪಿನ ಮೇಲೆ, ಮತ್ತು ನಮ್ಮವರೊಂದಿಗೆ ಈವರೆಗೆ ಮುಗಿಯದ ಜಗಳದ ಮೇಲೆ.

ಖರ್ಜೂರದ ತೋಟಗಳ ಹಿಂದಿನ ಕಡಲ ತೀರ. ಇಳಿತದ ಹೊತ್ತು. ಅಲ್ಲಿ ಇಳಿತವೆಂದರೆ ಕಡಲು ಕಣ್ಣೆಟುಕುವ ತನಕ ತೆಳ್ಳಗಾಗಿ, ಎಷ್ಟು ದೂರ ನಡೆದರೂ ಮೊಣಕಾಲು ಮುಳುಗುವುದಿಲ್ಲ. ಮೀನು ಹಿಡಿಯಲು ಅರಬರು ಖರ್ಜೂರದ ಗರಿಯ ದಂಟುಗಳನ್ನು ನೀರಿನಲ್ಲಿ ಬೇಲಿಯ ಹಾಗೆ ನೆಡುತ್ತಿದ್ದರು. ಅಂಥದ್ದೊಂದು ಹಾಳುಬಿದ್ದ ಬೇಲಿಯ ಎರಡು ಗೂಟಗಳೇ ನಮ್ಮ ಗೆರೆ. ಸುಧಾಕರನನ್ನು ಅಣ್ಣ ಹೆಗಲು ಕೊಟ್ಟು ಕಾರಿನಿಂದ ಇಳಿಸಿ ಮಡಚುವ ಕುರ್ಚಿಯಲ್ಲಿ ಕೂರಿಸಿದರು. ತೊಡೆಯ ಮೇಲೆ ಕೋಲು. ಬಾಯಮ್ಮ ಇನ್ನೊಂದು ಕುರ್ಚಿಯಲ್ಲಿ, ತಲೆಗೆ ಟವಲು, ಮಡಿಲಲ್ಲಿ ನೆಲಗಡಲೆ. ತೀರ್ಪು ತನ್ನದೇ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಸುಧಾಕರನೇ ಫಂಕ ತಿರುಗಿಸಿ ರಬ್ಬರಿಗೆ ಹುರಿ ಕೊಟ್ಟ. ನಮ್ಮವರು ಪ್ಯಾಂಟು ಮಡಚಿ ನೀರಿಗಿಳಿದು, ಫಂಕವನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡು ಹೋಗಿ ವಿಮಾನವನ್ನು ನೀರಿನ ಮೇಲೆ ಇಟ್ಟು ಬಿಟ್ಟರು. ಪತ್ರಿಕೆಯ ಅಕ್ಷರಗಳ ಮೇಲೆ ಬಾಯಮ್ಮ ನೀಲಿ ಬಣ್ಣ ಬಳಿದಿದ್ದರೂ ಅಲ್ಲಲ್ಲಿ ತಲೆಬರಹಗಳು ಕಾಣುತ್ತಿದ್ದವು. ಅದು ಗರ್ರೆಂದು ನೀರನ್ನು ಸೀಳಿಕೊಂಡು ಓಡಿತು. ಮೂಗು ಎತ್ತಿತು. ತೇಲುಗಳಿಂದ ನೀರು ಸೋರುತ್ತ, ದೇವರಾಣೆಗೂ, ಎದ್ದಿತು. ಒಂದು ಮೊಳ ಎತ್ತರ ಇರಬಹುದು. ನನ್ನ ಮೈದುನನ ಮೀನಖಂಡ ಬಹರೈನಿನ ಕಡಲ ಮೇಲೆ ಹಾರುತ್ತಿತ್ತು. ಗೂಟಗಳ ಹತ್ತಿರ ಹೋಗುವಾಗ ಒಂದು ಪಕ್ಕಕ್ಕೆ ವಾಲಿ, ತಪ್ಪನೆ ಕೂತು, ಗಾಳಿಗೆ ತೇಲಿಕೊಂಡು ಗೂಟಗಳ ಆಚೆ ಹೋಯಿತು.

"ದಾಟಿತು!" ನೀರಿನಲ್ಲಿ ನಿಂತಿದ್ದ ನಮ್ಮವರು ಕೈಯೆತ್ತಿ ಕುಣಿದರು.

"ಎಲ್ಲಿ ದಾಟಿದ್ದು!" ಸುಧಾಕರ ಕೂಗಿದ. "ಗೂಟದಿಂದ ಈಚೆಯೇ ಬಿತ್ತು ಅಣ್ಣ! ಮತ್ತೆ ತೇಲಿಕೊಂಡು ಹೋದದ್ದು!"

"ಹಾರಿಯೇ ದಾಟಿತು ಮಾರಾಯ, ನಾನು ಹತ್ತಿರದಿಂದ ನೋಡ್ಲಿಲ್ವಾ?"

"ನಿಮ್ಮ ಕಣ್ಣಿಗೆ ಮಣ್ಣು ಬಿದ್ದಿದೆ. ಬಾಯಮ್ಮ, ನೀವು ಹೇಳಿ."

ಬಾಯಮ್ಮ ಕನ್ನಡಕ ತೆಗೆದು ಟವಲಿನ ತುದಿಯಲ್ಲಿ ಒರೆಸುತ್ತಿದ್ದರು. "ನನಗೆ ಬಿಸಿಲಿಗೆ ಎಂತದ್ದೂ ಕಾಣ್ಲಿಲ್ಲ. ಎಂ.ಎ., ನೀವು ನೋಡಿದ್ರಾ?"

ನಾನು ನಿಜವಾಗಿ ನೋಡಿದ್ದೆ. ಏನು ನೋಡಿದೆನೆಂದು ಮಾತ್ರ ನನಗೇ ಗೊತ್ತಿರಲಿಲ್ಲ. "ದಾಟಿದ ಹಾಗೆ ಕಂಡಿತು," ಎಂದೆ.

"ಅತ್ತಿಗೆ, ನೀವೂ ಸುಳ್ಳು ಹೇಳ್ತೀರಾ?" ಸುಧಾಕರನ ಮುಖ ಕೆಂಪಾಯಿತು. "ಬಾಯಮ್ಮ, ನೀವೇ ಹೇಳಿದ್ದಲ್ವಾ, ನೀರಿನ ಮೇಲೆ ಉರುಳಿ ದಾಟಿದ್ದು ಲೆಕ್ಕಕ್ಕಿಲ್ಲ ಅಂತ? ಫ್ರೆಂಚಿನವನಿಗೊಂದು ಕಾನೂನು, ನಿಮಗೊಂದು ಕಾನೂನಾ?"

"ಕಾನೂನು ಹೌದು," ಬಾಯಮ್ಮ ನೆಲಗಡಲೆ ಒಡೆದರು. "ಆದ್ರೆ ಎಲ್ಲಿ ಬಿದ್ದದ್ದು ಅಂತ ಯಾರಿಗೆ ಗೊತ್ತು?"

"ನನಗೆ ಗೊತ್ತು! ಅಲ್ಲಿ, ಆ ಪಾಚಿಯ ಹತ್ರ!"

"ಯಾವ ಪಾಚಿ?"

ಇಲ್ಲಿ ನನಗೂ ನಮ್ಮವರಿಗೂ ಜಗಳ. ಬಾಯಮ್ಮ "ಹೋಗಿ ತೋರಿಸು ಮತ್ತೆ" ಎಂದರೆಂದು ನನ್ನ ನೆನಪು. ಅವರು ಹಾಗೆ ಹೇಳಲೇ ಇಲ್ಲ, "ಯಾವ ಪಾಚಿ" ಎಂದು ಕೇಳಿ ಕಡಲೆ ತಿನ್ನುತ್ತ ಕೂತರು ಎಂದು ನಮ್ಮವರದು. ಯಾರು ಹೇಳಿದರೋ, ಹೇಳಲಿಲ್ಲವೋ, ಸುಧಾಕರ ಎದ್ದ. ಎದ್ದು ನೀರಿಗಿಳಿದ. ಸಿಟ್ಟಿನಲ್ಲಿ ಕೈ ಬೀಸುತ್ತ, ಅಣ್ಣನನ್ನು ಬೈಯುತ್ತ, ಎರಡು ಕಾಲಿನ ಮೇಲೂ ಭಾರ ಹಾಕಿ, ಚಪ್ ಚಪ್ ಎಂದು ನೀರು ಹಾರಿಸುತ್ತ, ಗೂಟಗಳ ತನಕ ನಡೆದ. ತನ್ನಿಂದ ನಡೆಯಲಾಗುವುದಿಲ್ಲ ಎಂದು ಹೇಳಿಸುವ ಪಂದ್ಯವನ್ನು ತಾನು ಗೆದ್ದಿದ್ದೇನೆ ಎಂದು ತೋರಿಸುವುದಕ್ಕೆ.

"ಇಲ್ಲಿ!" ಪಾಚಿಯ ಪಕ್ಕದಲ್ಲಿ ನಿಂತು ಬೆರಳು ತೋರಿಸಿದ. "ಇಲ್ಲಿ ಬಿದ್ದದ್ದು! ಈಗ ಕಾಣ್ತದಾ?"

ನಮ್ಮವರು ಬಾಯಿ ತೆರೆದು ನಿಂತಿದ್ದರು. ನನಗೆ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ಮರೆತಿದೆ. ಬೆರಳು ನೀರಿನ ಕಡೆ ಇದ್ದ ಹಾಗೆಯೇ ಸುಧಾಕರ ತನ್ನ ಕಾಲುಗಳನ್ನು ನೋಡಿದ. ಆಮೇಲೆ ದಡದ ಮೇಲಿನ ಕುರ್ಚಿಯನ್ನು, ಅದಕ್ಕೆ ಒರಗಿಸಿದ್ದ ಕೋಲನ್ನು.

ಬಾಯಮ್ಮ ಕನ್ನಡಕ ಹಾಕಿಕೊಂಡರು. "ಈಗ ಸರಿ ಕಾಣ್ತದೆ," ಎಂದರು. "ಹೌದು, ಈಚೆಯೇ ಬಿದ್ದದ್ದು. ನೀನು ಗೆದ್ದೆ. ನಾಳೆ ಮೆನೇಜರ್ ಹತ್ರ ಹೋಗ್ತೇನೆ. ಟಿಕೇಟು ಬಾಂಬೆಗೆ ಸಾಕಾ, ಮಂಗಳೂರಿಗೇ ಬೇಕಾ?"

ಸುಧಾಕರ ಗೂಟಗಳ ಆಚೆ ಹೋಗಿ ವಿಮಾನವನ್ನು ಎತ್ತಿಕೊಂಡು ನಡೆದು ಬಂದ. ನೀರು ಕುಡಿದು ಅದರ ಅಂಟು ಬಿಟ್ಟಿತ್ತು, ಎರಡು ಹೋಳು ಎರಡು ಕೈಯಲ್ಲಿ. ಇನ್ನೊಮ್ಮೆ ಹಾರಿಸುವ ಮಾತೇ ಇರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಬಾಯಮ್ಮ ಊರಿನ ಮೀನಿಗೂ ಇಲ್ಲಿಯ ಮೀನಿಗೂ ಇರುವ ವ್ಯತ್ಯಾಸದ ಬಗ್ಗೆ ಒಬ್ಬರೇ ಮಾತಾಡಿದರು. ಗೆದ್ದವನನ್ನು ಕೆಣಕಲಿಲ್ಲ. ಅಷ್ಟು ಕೆಣಕುವ ಹೆಂಗಸು, ಆ ಒಂದು ವಿಷಯದಲ್ಲಿ ಅಂದೂ ಕೆಣಕಲಿಲ್ಲ, ಮುಂದೆಯೂ ಇಲ್ಲ.

ಶನಿವಾರ ಬೆಳಿಗ್ಗೆ ಬಾಯಮ್ಮ ಒಳ್ಳೆಯ ಸೀರೆ ಉಟ್ಟು ಮೆನೇಜರನ್ನು ನೋಡಲು ಹೊರಟು ನಮ್ಮ ಬಾಗಿಲು ತಟ್ಟಿದರು. ನಾಟಕವಲ್ಲ, ನಿಜವಾಗಿಯೇ ಹೊರಟಿದ್ದರು. ಆ ಮುಖವನ್ನು ನಾನು ನೋಡಿದ್ದೇನೆ, ಅದರಲ್ಲಿ ಸುಳ್ಳಿರಲಿಲ್ಲ. ಅಷ್ಟರಲ್ಲಿ ಸುಧಾಕರ ಮೆಟ್ಟಿಲಿಳಿದು ಕಂಪೆನಿಯ ಗಾಡಿ ಹತ್ತಿ ಆಗಿತ್ತು. ಸಂಜೆ ಬಂದವನು ಬಾಯಮ್ಮನಿಗೆ ಇಷ್ಟೇ ಹೇಳಿದ: "ಟಿಕೇಟು ಬೇಡ. ಸ್ಟೋರಿನಲ್ಲಿ ಒಂದು ಜಾಗ ಉಂಟಂತೆ, ಕೇಳಿದ್ದೇನೆ. ಕೊಡದಿದ್ರೆ ನಾನೇ ಹೋಗ್ತೇನೆ, ಹೇಳಿಯೇ ಹೋಗ್ತೇನೆ." ಕೊಟ್ಟರು. ಬಹಳ ವರ್ಷ ಅಲ್ಲೇ ಇದ್ದ. ನಾವು ಊರಿಗೆ ಬಂದ ಮೇಲೂ ಇದ್ದ. ಬಾಯಮ್ಮ ನಿವೃತ್ತರಾಗಿ ಹೊರಟಾಗ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದವನೂ ಅವನೇ. ಒಡಲಿನ ಒಂದು ಹೋಳಿನಲ್ಲಿ ನಾನು ಬಟ್ಟೆಯ ಕ್ಲಿಪ್ಪುಗಳನ್ನು ಹಾಕಿಡುತ್ತಿದ್ದೆ. ಇನ್ನೊಂದು ಹೋಳು ಎಲ್ಲಿ ಹೋಯಿತೋ ತಿಳಿಯದು.

ಬಾಯಮ್ಮ ತನಗಾಗಿ ಒಂದು ಉಪಾಯ ಹೂಡಿ ತನ್ನನ್ನು ನಡೆಸಿದರು ಎಂದು ಸುಧಾಕರ ಈಗ ತನ್ನ ಮೊಮ್ಮಕ್ಕಳಿಗೆ ಕತೆ ಹೇಳುತ್ತಾನೆ. ಕತೆಯಲ್ಲಿ ಅವನು ಮೋಸ ಹೋದವನು, ಬಾಯಮ್ಮ ಜಾಣೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಾನೂ ಇಷ್ಟು ವರ್ಷ ಅದನ್ನೇ ನಂಬಿದ್ದೆ. ಆದರೆ ಬಾಯಮ್ಮ ಸತ್ತ ಸುದ್ದಿ ಬಂದ ಮೇಲೆ ಅದೇ ಶುಕ್ರವಾರವನ್ನು ತಿರುಗಿಸಿ ತಿರುಗಿಸಿ ನೋಡುತ್ತಿರುವಾಗ ಒಂದು ಸಣ್ಣ ಸಂಗತಿ ಅಡ್ಡ ಬಂತು. ಸಿಟ್ಟಿನಲ್ಲಿ ಮೈಮರೆತು ಎದ್ದವನು ಕೋಲನ್ನು ಬಿಸಾಡಿ ಹೋಗುತ್ತಾನೆ, ಅಥವಾ ಅದು ಜಾರಿ ಮರಳಿನ ಮೇಲೆ ಬೀಳುತ್ತದೆ. ನನ್ನ ನೆನಪಿನಲ್ಲಿ ಅದು ಕುರ್ಚಿಯ ಬೆನ್ನಿಗೆ ನೆಟ್ಟಗೆ ಒರಗಿ ನಿಂತಿದೆ. ಯಾರೋ ಜೋಪಾನವಾಗಿ ಒರಗಿಸಿಟ್ಟ ಹಾಗೆ. ಆ ಕುರ್ಚಿಯಲ್ಲಿ ಕೂತಿದ್ದವನು ಅವನೊಬ್ಬನೇ.

ಹೋದ ವಾರ ಸುಧಾಕರ ನಮ್ಮ ಮನೆಗೆ ಬಂದಿದ್ದ. ಊಟವಾಗಿ ಜಗಲಿಯಲ್ಲಿ ಕೂತಿದ್ದೆವು, ನಮ್ಮವರು ಒಳಗೆ ಮಲಗಿದ್ದರು. ನಾನು ಕೇಳಿಯೇ ಬಿಟ್ಟೆ. "ಸುಧಾಕರ, ಅವತ್ತು ಕೋಲು ಒರಗಿಸಿಟ್ಟು ಎದ್ದೆಯಲ್ಲ, ನಡೀತಾ ಇದ್ದೇನೆ ಅಂತ ನಿನಗೆ ಆಗಲೇ ಗೊತ್ತಿತ್ತಾ?"

ಅವನು ನನ್ನನ್ನು ನೋಡಿದ. ಆಮೇಲೆ ಗೇಟಿನ ಕಡೆ ನೋಡಿ, "ಕಾರು ದಾರಿಗೆ ಅಡ್ಡ ಆಗಿದೆ ಅತ್ತಿಗೆ, ತೆಗೆದು ಬರ್ತೇನೆ," ಎಂದು ಎದ್ದು ಹೋದ.

ಕಾರು ಅಡ್ಡವೇನೂ ಆಗಿರಲಿಲ್ಲ.